ತೆರೆದ ಇಂಜಿನ್ನಿಗೆ ಬಿದ್ದ ಅಕ್ಷತೆ

ಕಟ್ಟಿ ಮುಗಿಸಿದ ಇಂಜಿನ್ನಿಗೆ ಮೊದಲ ಕಿಕ್ ಹೊಡೆಯುವಾಗ ನನಗೆ ಭಯವಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೂ ಆಗುತ್ತಿತ್ತು, ಮೂವತ್ತೆಂಟು ವರ್ಷ ಕಳೆದು ಅಂಗಡಿ ಮುಚ್ಚುವ ವಾರದಲ್ಲೂ ಆಯಿತು. ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವವರು ಈಗಲೂ ಮನೆಗೆ ಬಂದು, "ಅಣ್ಣ, ಕೈ ಕುದುರೋಕೆ ಎಷ್ಟು ವರ್ಷ ಬೇಕಾಗುತ್ತೆ?" ಎಂದು ಕೇಳುತ್ತಾರೆ. ಕೈ ಎರಡು ವರ್ಷಕ್ಕೆ ಕುದುರುತ್ತದೆ, ಅದೇನು ದೊಡ್ಡ ವಿಷಯವಲ್ಲ. ಭಯದ ವಿಚಾರ ಮಾತ್ರ ಯಾರೂ ಕೇಳುವುದಿಲ್ಲ, ನಾನಾಗಿ ಹೇಳಿದರೆ ನಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಮುನಿರಾಜು. ಹೊಸಕೋಟೆ ಕಡೆಯ ವಿಜಯಪುರದಲ್ಲಿ ನನ್ನದೊಂದು ಬೈಕ್ ಗ್ಯಾರೇಜ್ ಇತ್ತು. ಪಕ್ಕದಲ್ಲಿ ರೇಷ್ಮೆ ಹುರಿ ಹಾಕುವ ಮಿಲ್ಲು. ಅದರ ಗರಗರ ಸದ್ದಿನಲ್ಲಿ ಇಂಜಿನ್ನಿನ ಒಳಗಿನ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಡಾಕ್ಟರ್ ಬಂದರು ಎಂದು ಎದುರಿನ ಟೀ ಅಂಗಡಿಯವರು ತಮಾಷೆ ಮಾಡುತ್ತಿದ್ದರು. ಮಾಡಿಕೊಳ್ಳಲಿ ಬಿಡಿ.

ಕೆಲಸ ಕಲಿತದ್ದು ಹೊಸಕೋಟೆಯಲ್ಲಿ, ಬಾಬು ಉಸ್ತಾದರ ಹತ್ತಿರ. ಉಸ್ತಾದರು ತಪ್ಪು ಮಾಡಿದವನನ್ನು ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ನಾನೊಬ್ಬನೇ ಕಟ್ಟಿದ ಮೊದಲ ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕಿಕ್ ಹೊಡೆಯಲು ಶುರು ಮಾಡಿದವನು ಹನ್ನೊಂದಾದರೂ ಹೊಡೆಯುತ್ತಲೇ ಇದ್ದೆ. ಮೀನಖಂಡ ಬಿಗಿದುಕೊಂಡಿತು, ಅಂಗಿ ಬೆನ್ನಿಗೆ ಅಂಟಿತು. ಉಸ್ತಾದರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಇವತ್ತು ಮನೆಗೆ ಕಳಿಸುತ್ತಾರೆ ಎಂದುಕೊಂಡೆ.

"ಏನಾಗೈತೆ ಅಂತ ಗೊತ್ತಾಗ್ತಿಲ್ಲ ಉಸ್ತಾದ್," ಎಂದೆ.

"ಕಾಲಿಗೆ ಏನು ಗೊತ್ತಾಗ್ತದೆ?" ಎಂದರು. "ಮೂರು ವಿಷಯ ನೋಡು. ಕರೆಂಟ್ ಬರ್ತಾ ಇದೆಯಾ, ಪೆಟ್ರೋಲ್ ಬರ್ತಾ ಇದೆಯಾ, ಒಳಗೆ ಗಾಳಿ ಒತ್ತಾಗ್ತಾ ಇದೆಯಾ. ಮೂರೂ ಸರಿ ಇದ್ರೆ ಗಾಡಿ ಸ್ಟಾರ್ಟ್ ಆಗ್ಲೇಬೇಕು. ಆಗಿಲ್ಲ ಅಂದ್ರೆ ಮೂರ್ರಲ್ಲಿ ಒಂದು ಸುಳ್ಳು."

ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದೆ, ಕಿಡಿ ನೀಲಿಯಾಗಿ ಹಾರಿತು. ಆದರೆ ಪ್ಲಗ್ಗಿನ ತುದಿ ಒಣಗಿತ್ತು. ಅಷ್ಟು ಹೊತ್ತು ಕಿಕ್ ಹೊಡೆದ ಮೇಲೆ ಅದು ಪೆಟ್ರೋಲಿನಿಂದ ಒದ್ದೆಯಾಗಿರಬೇಕಿತ್ತು. ಕಾರ್ಬೊರೇಟರ್ ಕಳಚಿ ನೋಡಿದರೆ ಇಂಜಿನ್ ಉಸಿರೆಳೆಯುವ ಬಾಯಿಯಲ್ಲಿ ಒಂದು ಉಂಡೆ ಹತ್ತಿ. ಧೂಳು ಹೋಗದಿರಲಿ ಎಂದು ನಾನೇ ತುರುಕಿ ಮರೆತಿದ್ದೆ. ನಾನು ಅದರ ಮೇಲೇ ಕಾರ್ಬೊರೇಟರ್ ಕೂರಿಸಿದ್ದನ್ನು ಉಸ್ತಾದರು ಬೆಳಿಗ್ಗೆಯೇ ನೋಡಿದ್ದರಂತೆ.

"ಸ್ಟಾರ್ಟ್ ಆಗ್ದೇ ಇರೋ ಗಾಡಿ ಯಾರ್ನೂ ಸಾಯ್ಸಲ್ಲ ಮುನಿರಾಜ," ಎಂದರು. "ಅದು ಇಲ್ಲೇ ನಿಂತಿರ್ತದೆ. ಸ್ಟಾರ್ಟ್ ಆಗಿ ಹೋಗ್ತದಲ್ಲ, ಅದಕ್ಕೆ ಹೆದರ್ಕೋ."

ಉಸ್ತಾದರಿಗೆ ಇನ್ನೊಂದು ಕಟ್ಟಳೆಯಿತ್ತು. ಇಂಜಿನ್ನಿನ ತಲೆಯಲ್ಲಿ, ಅಂದರೆ ನಾವು ಹೆಡ್ ಎನ್ನುವ ಭಾಗದಲ್ಲಿ, ವಾಲ್ವುಗಳನ್ನು ತಟ್ಟುವ ಕ್ಯಾಮ್ ಸುತ್ತುತ್ತಿರುತ್ತದೆ. ಅದಕ್ಕೆ ಆಯಿಲ್ ಕೆಳಗಿನಿಂದ ಒಂದು ಸಣ್ಣ ತೂತಿನ ಮೂಲಕ ಏರಿ ಬರಬೇಕು. ಇಂಜಿನ್ ಕಟ್ಟಿದ ಮೇಲೆ ಹೆಡ್ಡಿನ ಮೇಲಿನ ಚಿಕ್ಕ ಮುಚ್ಚಳ ಬಿಚ್ಚಿ, ಗಾಡಿ ಓಡಿಸಿ, ಆಯಿಲ್ ಜಿನುಗುವುದನ್ನು ಕಣ್ಣಾರೆ ನೋಡಬೇಕು. ನೋಡದೆ ಯಾರಿಗೂ ಕೀ ಕೊಡಬಾರದು. ಗಿರಾಕಿ ಪೊಲೀಸ್ ಆಗಲಿ, ತಹಶೀಲ್ದಾರ್ ಆಗಲಿ, ಉಸ್ತಾದರು ಅಷ್ಟು ಹೊತ್ತು ನಿಲ್ಲಿಸಿಯೇ ಕಳಿಸುತ್ತಿದ್ದರು.

ಆಮೇಲೆ ಕೆಲಸದ ರೀತಿ ಎಷ್ಟೋ ಬದಲಾಯಿತು. ಕಿಡಿ ಹೊತ್ತಿಸುವ ಪಾಯಿಂಟ್ ಉಜ್ಜಿ ಸಂದು ಅಳೆಯುತ್ತಿದ್ದ ಕಾಲ ಹೋಯಿತು, ಅದರ ಬದಲು ಮುಚ್ಚಿದ ಎಲೆಕ್ಟ್ರಾನಿಕ್ ಡಬ್ಬಿ ಬಂತು. ಕಾರ್ಬೊರೇಟರ್ ಹೋಗಿ ಸೆನ್ಸರ್ ಬಂತು. ಈಗ ಸ್ಕ್ಯಾನರ್ ಸಿಕ್ಕಿಸಿದರೆ ಯಾವ ಸೆನ್ಸರ್ ಕೆಟ್ಟಿದೆ ಎಂದು ಅಕ್ಷರದಲ್ಲೇ ಬರುತ್ತದೆ. ಒಳ್ಳೆಯದೇ. ಆದರೆ ಕಟ್ಟುವಾಗ ನೀವು ಒಳಗೆ ಏನು ಬೀಳಿಸಿದಿರಿ ಎಂದು ಯಾವ ಸ್ಕ್ಯಾನರೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ, ಮೂರನೆಯ ದಿನದವರೆಗೆ. ಆ ಮೂರು ದಿನದ ಕಥೆ ಇದು.

ನಾಗೇಶ ನಮ್ಮೂರಿನವನು. ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನ ಹೆಂಡತಿ ಶೋಭಾ ಅಲ್ಲೇ ಇನ್ನೊಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದರು. ಇಬ್ಬರೂ ದಿನಾ ಒಂದೇ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಸೂಲಿಬೆಲೆ ದಾಟಿದರೆ ಆ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರುಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಗಾಡಿ ಹೊಗೆ ಉಗುಳುತ್ತಿದೆ ಎಂದು ನಾಗೇಶ ದಸರಾ ರಜೆಯಲ್ಲಿ ನನ್ನ ಹತ್ತಿರ ಬಿಟ್ಟ. ಇಂಜಿನ್ ಪೂರ್ತಿ ಬಿಚ್ಚಿದೆ. ಪಿಸ್ಟನ್ ಓಡಾಡುವ ಬ್ಲಾಕನ್ನು ಒಳಗೆ ಕೊರೆಸಿ ಬೋರ್ ಮಾಡಿಸಲು ಲೇತಿಗೆ ಕಳಿಸಿದೆ, ವಾಪಸ್ಸು ಬರುವಷ್ಟರಲ್ಲಿ ಆಯುಧಪೂಜೆ ಬಂತು.

ಆಯುಧಪೂಜೆ ದಿನ ನಮ್ಮಲ್ಲಿ ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ. ಅಂಗಡಿ ತೊಳೆದು, ಸಾಮಾನೆಲ್ಲ ಒರೆಸಿ ಜೋಡಿಸಿ, ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತೇವೆ. ನಾಗೇಶನ ಇಂಜಿನ್ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಪಕ್ಕದಲ್ಲಿ ಹೆಡ್ಡನ್ನು ಬೋರಲು ಹಾಕಿದ್ದೆ. ಎರಡಕ್ಕೂ ಹಳೇ ಪಂಚೆ ಮುಚ್ಚಿತ್ತು.

ನನ್ನ ಹೆಂಡತಿ ಸರೋಜ ಮಂಗಳಾರತಿ ತಟ್ಟೆ ಹಿಡಿದು ನಿಂತು, "ಮುಸುಕು ಹಾಕಿದ್ರೆ ಪೂಜೆ ಹೆಂಗ್ರೀ ಮಾಡೋದು? ತೆಗೀರಿ ಅದನ್ನ," ಎಂದಳು.

ತೆಗೆದವನು ನಾನೇ. ತಪ್ಪನ್ನು ಅವಳ ಮೇಲೆ ಹಾಕುವುದಿಲ್ಲ. ಕೈತುಂಬ ಅಕ್ಷತೆ ತೆಗೆದುಕೊಂಡು ಸ್ಪ್ಯಾನರುಗಳ ಮೇಲೆ, ಕಂಪ್ರೆಸರ್ ಮೇಲೆ, ಆ ತೆರೆದ ಇಂಜಿನ್ನಿನ ಮೇಲೆ ಭಕ್ತಿಯಿಂದ ಎರಚಿದವನೂ ನಾನೇ. ಒಂದು ಮರಳಿನ ಕಾಳು ಬಿದ್ದರೆ ಪ್ರಾಣ ಹೋದಂತೆ ಆಡುತ್ತಿದ್ದ ಮನುಷ್ಯ, ಅರಿಶಿನ ಹಚ್ಚಿದ ಅಕ್ಕಿಯನ್ನು ಹಿಡಿಗಟ್ಟಲೆ ಎರಚಿದೆ. ಅದು ಕಸ ಎಂದು ನನ್ನ ತಲೆಗೇ ಬರಲಿಲ್ಲ. ದೇವರ ಅಕ್ಷತೆ ಕಸ ಹೇಗಾಗುತ್ತದೆ?

ಮಾರನೆಯ ದಿನ ಇಂಜಿನ್ ಕಟ್ಟಲು ಕೂತೆ. ಕಂಡ ಕಾಳುಗಳನ್ನೆಲ್ಲ ಆರಿಸಿದೆ, ಬಟ್ಟೆಯಲ್ಲಿ ಒರೆಸಿದೆ, ಗಾಳಿ ಹೊಡೆದೆ. ಸಂಜೆಯೊಳಗೆ ಕಟ್ಟಿ ಗಾಡಿಗೆ ಕೂರಿಸಿದೆ. ಸ್ಟಾರ್ಟ್ ಮಾಡುವುದು ಬೆಳಿಗ್ಗೆ ಎಂದುಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಆರಕ್ಕೆ ನಾಗೇಶ, ಶೋಭಾ ಇಬ್ಬರೂ ಊಟದ ಡಬ್ಬಿ ಹಿಡಿದು ಬಂದು ನಿಂತರು. ರಜೆ ಮುಗಿದ ಮೊದಲ ದಿನ, ತಡವಾದರೆ ಗೇಟಿನ ಒಳಗೆ ಬಿಡುವುದಿಲ್ಲ. ಕಿಕ್ ಹೊಡೆದೆ. ಇಲ್ಲ. ಹತ್ತು, ಇಪ್ಪತ್ತು. ಕಿಕ್ಕರ್ ಕಾಲಿಗೆ ಸಡಿಲವಾಗಿ ಸಿಕ್ಕುತ್ತಿತ್ತು. ಪ್ಲಗ್ ಬಿಚ್ಚಿದೆ, ಕಿಡಿ ಇತ್ತು, ತುದಿ ಒದ್ದೆಯಾಗಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವುದು ಗಾಳಿ. ಪ್ಲಗ್ಗಿನ ತೂತಿಗೆ ಬೆರಳಿಟ್ಟು ಕಿಕ್ ಹೊಡೆದರೆ ಬೆರಳನ್ನು ತಳ್ಳಬೇಕಾದ ಗಾಳಿ ಸುಮ್ಮನೆ ಉಸ್ ಎಂದಿತು.

"ಏನಾಯ್ತಣ್ಣ?" ಎಂದ ನಾಗೇಶ. ಗಂಟೆ ಆರೂಮುಕ್ಕಾಲು.

"ಒಂದ್ನಿಮಿಷ ಇರಪ್ಪ," ಎಂದೆ.

ಕಾರ್ಬೊರೇಟರ್ ಕಳಚಿ ಬ್ಯಾಟರಿ ಟಾರ್ಚ್ ಬಿಟ್ಟು ನೋಡಿದೆ. ಉಸಿರೆಳೆಯುವ ವಾಲ್ವು ಪೂರ್ತಿ ಮುಚ್ಚಿರಲಿಲ್ಲ. ಅದರ ಅಂಚಿನಲ್ಲಿ ಹಳದಿಯ ಒಂದು ಚುಕ್ಕೆ. ಇಂಜಿನ್ ಮೆಲ್ಲಗೆ ಸುತ್ತಿಸಿ, ವಾಲ್ವು ತೆರೆದಾಗ ಉದ್ದನೆಯ ಚಿಮಟದಲ್ಲಿ ಎಳೆದೆ. ಜಜ್ಜಿಹೋದ ಅಕ್ಕಿಕಾಳು. ಗಂಡ ಹೆಂಡತಿ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ಅದನ್ನು ಅಂಗೈಯೊಳಗೆ ಮುಚ್ಚಿಕೊಂಡೆ.

"ಏನಿತ್ತಣ್ಣ?"

"ಪ್ಲಗ್ಗು ವೀಕಾಗಿತ್ತು ಕಣೋ. ಬೇರೆ ಹಾಕ್ತೀನಿ," ಎಂದೆ.

ಅಷ್ಟು ಸುಲಭವಾಗಿ ಬಂತು ಸುಳ್ಳು. ಇಂಜಿನ್ನಿನೊಳಗೆ ಅಕ್ಕಿ ಹಾಕಿದ ಮೆಕ್ಯಾನಿಕ್ ಎಂದು ಟೀ ಅಂಗಡಿಯಲ್ಲಿ ಹೆಸರಾದರೆ ವಿಜಯಪುರದಲ್ಲಿ ಯಾರು ಗಾಡಿ ಕೊಡುತ್ತಾರೆ? ಹೊಸ ಪ್ಲಗ್ ಹಾಕಿ ಎಲ್ಲ ಜೋಡಿಸಿ ಕಿಕ್ ಹೊಡೆದೆ. ಎರಡನೆಯದಕ್ಕೆ ಸ್ಟಾರ್ಟ್ ಆಯಿತು. ಶೋಭಾ ಆಗಲೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಮುಚ್ಚಳ ಬಿಚ್ಚಿ ಆಯಿಲ್ ನೋಡಬೇಕಿತ್ತು. ಐದು ನಿಮಿಷದ ಕೆಲಸ. ಏಳೂಕಾಲು ಆಗಿತ್ತು, ನಾಚಿಕೆಯೂ ಆಗಿತ್ತು. ಮೊದಲು ಇವರು ಇಲ್ಲಿಂದ ಹೋದರೆ ಸಾಕು ಎನ್ನಿಸಿತ್ತು. ಕೀ ಕೊಟ್ಟುಬಿಟ್ಟೆ.

ಹತ್ತು ಗಂಟೆಗೆ ಸರೋಜ ತಿಂಡಿ ತಂದವಳು ಅಂಗಡಿ ಗುಡಿಸಲು ಶುರು ಮಾಡಿದಳು.

"ಎಲ್ಲೆಲ್ಲೂ ಅಕ್ಷತೆ ಕಣ್ರೀ. ಆ ನಟ್ಟಿನ ಡಬ್ಬೀಲೂ ಐತೆ, ಈ ತೂತಲ್ಲೂ ಸೇರ್ಕೊಂಡೈತೆ," ಎಂದು ಬೆಂಚಿಗೆ ಕೊರೆದಿದ್ದ ಬೋಲ್ಟಿನ ತೂತಿನಿಂದ ಕಡ್ಡಿಯಲ್ಲಿ ಕಾಳು ಮೀಟಿ ತೆಗೆದಳು.

ಕೈಲಿದ್ದ ಇಡ್ಲಿಯನ್ನು ತಟ್ಟೆಗೇ ಹಾಕಿ ಆ ತೂತನ್ನು ನೋಡಿದೆ. ಬ್ಲಾಕ್ ತೆಗೆದ ಇಂಜಿನ್ನಿನಲ್ಲಿ, ಮೇಲಕ್ಕೆ ಆಯಿಲ್ ಹೋಗುವ ತೂತು ಕೂಡ ಹೀಗೇ ಬಾಯಿ ಬಿಟ್ಟುಕೊಂಡಿರುತ್ತದೆ. ಅದರೊಳಕ್ಕೆ ನಾನು ಬ್ಯಾಟರಿ ಬಿಟ್ಟು ನೋಡಿರಲಿಲ್ಲ. ಗಾಳಿ ಹೊಡೆದಿದ್ದೆ. ಗಾಳಿ ಕಾಳನ್ನು ಹೊರಕ್ಕೆ ಹಾರಿಸಿತೋ, ಇನ್ನೂ ಒಳಕ್ಕೆ ತಳ್ಳಿತೋ? ತೂತು ಮುಚ್ಚಿದ್ದರೆ ಹೆಡ್ಡಿಗೆ ಆಯಿಲ್ ಏರುವುದಿಲ್ಲ. ಕ್ಯಾಮ್ ಒಣಗಿಯೇ ಸುತ್ತಿ ಸುತ್ತಿ ಕಾದು, ಯಾವುದೋ ಗಳಿಗೆಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಅರವತ್ತರ ವೇಗದಲ್ಲಿ ಇಂಜಿನ್ ಜಾಮ್ ಆದರೆ ಹಿಂದಿನ ಚಕ್ರವೂ ಜಾಮ್. ಹಿಂದೆ ಟಿಪ್ಪರ್ ಇರುತ್ತದೆ.

ನಾಗೇಶನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕಾರ್ಖಾನೆಯೊಳಗೆ ಫೋನ್ ಬಿಡುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ. ಸಂಜೆ ಅವರ ಗಾಡಿ ರಸ್ತೆಯಲ್ಲಿ ಹಾದುಹೋದಾಗ ಅಲ್ಲೇ ಟೈರಿನ ಮೇಲೆ ಕೂತುಬಿಟ್ಟೆ. ಎದ್ದು ಹಿಂದೆಯೇ ಹೋಗಿ ಹೇಳಬಹುದಿತ್ತು. ಬಂದರಲ್ಲ, ಏನೂ ಆಗಿರಲಾರದು ಎಂದುಕೊಂಡೆ. ಹೆದರಿದವನಿಗೆ ಇಂಥ ಮಾತುಗಳು ಎಲ್ಲಿಂದಲೋ ಸಿಕ್ಕಿಬಿಡುತ್ತವೆ.

ಮನೆಯಲ್ಲಿ ಸರೋಜಳಿಗೆ ಹೇಳಿದೆ. "ನಾಳೆ ಬೆಳಿಗ್ಗೇನೇ ಹೋಗಿ ಹೇಳ್ಬಿಡ್ರಿ. ಎರಡು ಜೀವ ಕಣ್ರೀ," ಎಂದಳು.

"ಏನಂತ ಹೇಳ್ಲಿ? ಇಂಜಿನ್ನಿಗೆ ಅಕ್ಷತೆ ಹಾಕ್ದೆ ಅಂತಾನಾ?"

"ಹೂಂ, ಹಂಗೇ ಹೇಳಿ."

ಎರಡನೆಯ ದಿನ ಬೆಳಿಗ್ಗೆ ನಾನು ಅಂಗಡಿಗೆ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಬೇಕೆಂದೇ ತಡವಾಗಿ ಹೊರಟೆನೋ ಏನೋ, ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾಗೇಶನೇ ಫೋನ್ ಮಾಡಿದ. "ಏನಣ್ಣ, ನಿನ್ನೆ ಅಷ್ಟೊಂದು ಸಲ ಫೋನ್ ಮಾಡಿದ್ರಿ?"

"ಏನಿಲ್ಲ ಕಣೋ. ಇಂಜಿನ್ ಹೊಸದಲ್ವಾ, ಒಂದ್ಸಲ ಆಯಿಲ್ ಚೆಕ್ ಮಾಡ್ಬೇಕಿತ್ತು. ಸಂಜೆ ಬಾ."

"ಗಾಡಿ ಬೆಣ್ಣೆ ಥರ ಓಡ್ತೈತೆ ಬಿಡಣ್ಣ. ಭಾನುವಾರ ಬರ್ತೀನಿ."

"ಮೆಲ್ಲಗೆ ಓಡ್ಸು, ನಲವತ್ತು ದಾಟ್ಬೇಡ," ಎಂದೆ. ಆಗಲಣ್ಣ ಎಂದು ಫೋನ್ ಇಟ್ಟ. ನಾನು ನಿಜ ಹೇಳಲಿಲ್ಲ.

ನಾಲ್ಕು ಗಂಟೆಗೆ ಆಂಬುಲೆನ್ಸೊಂದು ಕೂಗಿಕೊಂಡು ಹೊಸಕೋಟೆ ದಿಕ್ಕಿಗೆ ಹೋಯಿತು. ಕೈಲಿದ್ದ ಸ್ಪ್ಯಾನರ್ ಬಿಸಾಕಿ ರಸ್ತೆಗೆ ಓಡಿದೆ. ಅದು ಯಾರನ್ನು ತರಲು ಹೋಯಿತೆಂದು ಯಾರನ್ನು ಕೇಳುವುದು? ಟೀ ಅಂಗಡಿಯವರು, "ಯಾಕಣ್ಣ, ಯಾರ್ಗೆ ಏನಾಯ್ತು?" ಎಂದು ನನ್ನನ್ನೇ ಕೇಳಿದರು. ಆರೂವರೆಗೆ ನಾಗೇಶನ ಗಾಡಿ ಬರುವವರೆಗೂ ರಸ್ತೆ ಬದಿಯಲ್ಲೇ ನಿಂತಿದ್ದೆ. ಹತ್ತಿರ ಬಂದಾಗ ಕೇಳಿಸಿತು. ಹೆಡ್ಡಿನಲ್ಲಿ ಟಿಕ್ ಟಿಕ್ ಸದ್ದು, ಒಣಗಿದ ಲೋಹ ತಾಗುವ ಸದ್ದು. ಕೈ ಎತ್ತಿದೆ. ನಮಸ್ಕಾರ ಎಂದುಕೊಂಡು ನಾಗೇಶನೂ ಕೈ ಎತ್ತಿ ಹೊರಟುಹೋದ. ಅವನ ಮನೆ ಐದು ನಿಮಿಷದ ದಾರಿ. ನಾನು ಹೋಗಲಿಲ್ಲ. ಮನೆಗೆ ಹೋಗಿ ಊಟ ಬೇಡವೆಂದು ಮಲಗಿದೆ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೇ ರಸ್ತೆಯ ನಡುವೆ ಹೋಗಿ ನಿಂತೆ. ನಾಗೇಶ ಗಾಬರಿಯಾಗಿ ಬ್ರೇಕ್ ಹಾಕಿದ.

"ಇಳೀರಿ ಇಬ್ರೂ," ಎಂದೆ. ಹ್ಯಾಂಡಲ್ ಹಿಡಿದುಕೊಂಡೆ. "ಇಳೀ ನಾಗೇಶ. ಗಾಡಿ ಆಫ್ ಮಾಡು."

ಅಂಗಡಿಗೆ ತಳ್ಳಿಕೊಂಡು ಬಂದೆವು. ನಿಂತಲ್ಲೇ ಎಲ್ಲ ಹೇಳಿದೆ. ಪೂಜೆ, ಅಕ್ಷತೆ, ವಾಲ್ವಿನಲ್ಲಿ ಸಿಕ್ಕ ಕಾಳು, ಪ್ಲಗ್ಗಿನ ಸುಳ್ಳು, ಎಲ್ಲ. ಆಮೇಲೆ ಹೆಡ್ಡಿನ ಮುಚ್ಚಳ ಬಿಚ್ಚಿ ಒಂದು ಕ್ಷಣ ಮಾತ್ರ ಸ್ಟಾರ್ಟ್ ಮಾಡಿದೆ. ಜಿನುಗಬೇಕಾದಲ್ಲಿ ಆಯಿಲ್ ಬರಲಿಲ್ಲ. ತಳದಲ್ಲಿ ಎಣ್ಣೆಗೈ ಒರೆಸಿದಷ್ಟು ಪಸೆ ಇತ್ತು. ತಕ್ಷಣ ಆಫ್ ಮಾಡಿದೆ. ನಾಗೇಶ ಬಗ್ಗಿ ನೋಡಿದ, ಅವನಿಗೆ ಏನೂ ಅರ್ಥವಾಗಲಿಲ್ಲ. ಶೋಭಾ ಇಂಜಿನ್ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಮೂರು ದಿನದಿಂದ ಗೊತ್ತಿತ್ತಾ ಅಣ್ಣ?"

"ಗೊತ್ತಿರ್ಲಿಲ್ಲ ಶೋಭಮ್ಮ. ಹೆದ್ರಿಕೆ ಇತ್ತು."

"ಹೆದ್ರಿಕೆ ಇತ್ತು. ಆದ್ರೂ ಇವ್ರ ಹತ್ರ ಆಯಿಲ್ ಚೆಕ್ಕು ಅಂತಂದ್ರಿ."

ಅವರು ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಬಸ್ಸು ಹಿಡಿದು ಹೋದರು. ನಾಗೇಶ ರಜೆ ಹಾಕಿ ಪಕ್ಕದಲ್ಲೇ ಕೂತ, ಅವನ ಕಣ್ಣೆದುರಿಗೇ ಇಂಜಿನ್ ಬಿಚ್ಚಿದೆ. ಕ್ಯಾಮ್ ಕಾದು ನೀಲಿಗಟ್ಟಿತ್ತು, ಅದರ ಮೈಮೇಲೆ ಉಗುರಿನಿಂದ ಗೀರಿದಂಥ ಗೆರೆಗಳಿದ್ದವು. ಬ್ಲಾಕ್ ಎತ್ತಿ ಆ ತೂತಿಗೆ ತಂತಿ ಹಾಕಿ ಮೀಟಿದೆ. ಎಣ್ಣೆ ಹೀರಿ ಕಂದುಬಣ್ಣಕ್ಕೆ ತಿರುಗಿದ ಒಂದು ಕಾಳು ಬಂತು. ಅದರ ಕೆಳಗೆ ಇನ್ನೊಂದು.

"ಇನ್ನೆಷ್ಟು ದೂರ ಓಡ್ತಿತ್ತಣ್ಣ?" ಎಂದ ನಾಗೇಶ.

"ಗೊತ್ತಿಲ್ಲ ಕಣಪ್ಪ. ಇವತ್ತು ಹೊಸಕೋಟೆ ಮುಟ್ತಿತ್ತೋ ಇಲ್ವೋ." ಇಷ್ಟು ಹೇಳುವಷ್ಟರಲ್ಲಿ ಅಳು ಬಂತು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಏನೂ ಆಗಿಲ್ವಲ್ಲ, ಬಿಡಿ ಅಣ್ಣ," ಎಂದ. ಎಷ್ಟು ಒಳ್ಳೆಯವನೆಂದರೆ, ಆಮೇಲೂ ಬೇರೆ ಮೆಕ್ಯಾನಿಕ್ಕಿನ ಹತ್ತಿರ ಹೋಗಲಿಲ್ಲ.

ಹೊಸ ಕ್ಯಾಮ್ ಹಾಕಿ ಕಟ್ಟಿದೆ. ಒಂದೊಂದು ತೂತಿಗೂ ತಂತಿ ಹಾಕಿ, ಬ್ಯಾಟರಿ ಬಿಟ್ಟು, ಪೆಟ್ರೋಲಿನಲ್ಲಿ ತೊಳೆದೆ. ಸ್ಟಾರ್ಟ್ ಮಾಡಿ, ಮುಚ್ಚಳ ಬಿಚ್ಚಿ, ಆಯಿಲ್ ಜಿನುಗುವುದನ್ನು ಗಂಡ ಹೆಂಡತಿ ಇಬ್ಬರಿಗೂ ತೋರಿಸಿದೆ. ನಾಗೇಶ ಗಾಡಿ ಏರಿ ಹಿಂದಕ್ಕೆ ತಿರುಗಿ, "ಹತ್ತು," ಎಂದ.

ಶೋಭಾ ಎರಡು ಹೆಜ್ಜೆ ಬಂದವರು ನಿಂತುಬಿಟ್ಟರು. "ನೀವ್ ಹೋಗಿ. ನಾನು ಬಸ್ಸಲ್ಲಿ ಬರ್ತೀನಿ," ಎಂದರು.

ಒಂದು ವಾರ ಕಳೆದರೆ ಸರಿಹೋಗುತ್ತಾರೆ ಎಂದ ನಾಗೇಶ. ಸರಿಹೋಗಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನ ಅಂಗಡಿಯ ಎದುರಿಗೇ ಹೊಸಕೋಟೆ ಬಸ್ಸಿಗೆ ಕಾಯುತ್ತಿದ್ದರು. ನಾಗೇಶ ಅವರ ಮುಂದೆಯೇ ಗಾಡಿಯಲ್ಲಿ ಹೋಗುತ್ತಿದ್ದ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಕಂಡಾಗ "ತಿಂಡಿ ಆಯ್ತಾ ಅಣ್ಣ?" ಎನ್ನುತ್ತಿದ್ದರು. ಆದರೆ ಒಂದು ದಿನವೂ ಆ ಸೀಟಿನ ಮೇಲೆ ಕೂರಲಿಲ್ಲ. ನಾನು ಷಟರ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುತ್ತಿದ್ದವರು ಅವರೇ. ಎಷ್ಟೋ ವರ್ಷ ಹೀಗೇ ನಡೆಯಿತು.

ನಮ್ಮ ಅಂಗಡಿಯಲ್ಲಿ ಆಮೇಲೆ ಆಯುಧಪೂಜೆಗೆ ಅಕ್ಷತೆ ಎರಚುವುದು ನಿಂತಿತು. ಇಂಜಿನ್ನಿನ ಮುಸುಕಿನ ಮೇಲೆ ಒಂದು ಹೂವಿಟ್ಟು ಕೈಮುಗಿಯುತ್ತಿದ್ದೆವು. ಸರೋಜಳಿಗೆ ಮೊದಲು ಕಸಿವಿಸಿಯಾದರೂ ಒಪ್ಪಿಕೊಂಡಳು. ಆಯಿಲ್ ನೋಡದೆ ಯಾರಿಗೂ ಕೀ ಕೊಡಲಿಲ್ಲ. ನೀವೂ ಕೊಡಬೇಡಿ. ತಪ್ಪಾಗಿದೆ ಎಂದು ಹೆದರಿಕೆ ಹುಟ್ಟಿದರೆ ಆ ಗಳಿಗೆಯಲ್ಲೇ ಹೇಳಿಬಿಡಿ, ನನ್ನ ಹಾಗೆ ಮಾರನೆಯ ಬೆಳಿಗ್ಗೆಗೆ ಕಾಯಬೇಡಿ.

ನಾನು ಅಂಗಡಿ ಮುಚ್ಚುವ ವರ್ಷ ನಾಗೇಶ ಹಳೇ ಗಾಡಿ ಮಾರಿ ಹೊಸದು ತೆಗೆದುಕೊಂಡ. ಶೋರೂಮಿನಿಂದ ನೇರ ಬಂದದ್ದು, ಅದರ ಒಂದು ನಟ್ಟನ್ನೂ ನಾನು ಮುಟ್ಟಿರಲಿಲ್ಲ. ಇನ್ನಾದರೂ ಶೋಭಾ ಹತ್ತುತ್ತಾರೆ ಎಂದು ನನಗೆ ಆಸೆಯಾಯಿತು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಶೋಭಾ ಎಂದಿನಂತೆ ಡಬ್ಬಿ ಹಿಡಿದು ಬಸ್ಸಿಗೆ ನಿಂತಿದ್ದರು. ತಡೆಯಲಾರದೆ ರಸ್ತೆ ದಾಟಿ ಹೋದೆ.

"ಶೋಭಮ್ಮ, ಅದು ಹೊಸ ಗಾಡಿ ಕಣಮ್ಮ. ನಾನು ಕಟ್ಟಿದ್ದಲ್ಲ."

"ಗೊತ್ತಣ್ಣ," ಎಂದರು. ಬಸ್ಸು ಬರುವ ಕಡೆಗೆ ನೋಡಿದರು. "ಈಗಾದ್ರೆ ನೀವು ಕಟ್ಟಿದ್ರಲ್ಲಿ ಕೂತ್ಕೊಂತಿದ್ನೇನೋ. ನೀವಾದ್ರೂ ಮೂರನೇ ದಿನಕ್ಕೆ ಬಂದು ಹೇಳಿದ್ರಿ. ಇದನ್ನ ಕಟ್ದೋರು ಯಾರೋ ಏನೋ, ಅವ್ರು ಬಂದು ಹೇಳ್ತಾರಾ?"

ಬಸ್ಸು ಬಂತು, ಅವರು ಹತ್ತಿ ಹೋದರು.